ಉಳಿತಾಯದ ದೀಪ, ಪರರ ಕಣ್ಣು

ಹೋಟೆಲು ಬಿಟ್ಟು ಟ್ಯಾಕ್ಸಿ ಹಿಡಿದಿರುವ ಬಂಧುಗಳಿಗೆ ನಮ್ಮದೊಂದು ಮಾತು. ಅನೇಕ ಕಾರುಗಳ ಮುಂದಿನ ದೀಪದಲ್ಲಿರುವುದು ಎಚ್-4 ಹ್ಯಾಲೊಜನ್ ಬಲ್ಬು. ತಗ್ಗು ಬೆಳಕಿಗೆ 55 ವ್ಯಾಟ್, ದೂರದ ಬೆಳಕಿಗೆ 60. ಅದರ ಜಾಗದಲ್ಲಿ ಅರ್ಧ ವಿದ್ಯುತ್ತಿನ ಎಲ್‌ಇಡಿ ಬಲ್ಬು ಹಾಕಿದರೆ ಇಂಧನ ಉಳಿಯುವುದೆಂದು ಅಂಗಡಿಯವರು ಹೇಳುತ್ತಾರೆ. ಲೆಕ್ಕ ನೋಡೋಣ. ತಗ್ಗು ಬೆಳಕಿನ ಎರಡು ದೀಪಗಳಿಗೆ 110 ವ್ಯಾಟ್. ಅಂದರೆ ಒಂದು ಅಶ್ವಶಕ್ತಿಯ ಸುಮಾರು ಏಳರಲ್ಲೊಂದು ಪಾಲು. ಅದರಲ್ಲಿ ಅರ್ಧ ಉಳಿದರೆ ಜೇಬಿಗೆ ಬರುವುದೆಷ್ಟು?

ಹ್ಯಾಲೊಜನ್ ತಂತಿಗೆಂದು ಅಳೆದು ಮಾಡಿದ ದೀಪದ ಬಟ್ಟಲಿನಲ್ಲಿ ಬೇರೆ ಬಗೆಯ ಬಲ್ಬು ಕೂತರೆ ಬೆಳಕು ಚದರಿ ಎದುರಿನವರ ಕಣ್ಣು ಕುಕ್ಕುತ್ತದೆ. ರಾತ್ರಿ ಪಾಳಿ ಮುಗಿಸಿ ನಡೆದು ಬರುವ ನಮ್ಮ ಸೋದರನೇ ಆ ಎದುರಿನವನಾಗಿರಬಹುದು.

ಆದುದರಿಂದ ಕಾರಿನ ಕೈಪಿಡಿಯಲ್ಲಿ ಹೇಳಿದ ಬಲ್ಬನ್ನೇ ಕೊಳ್ಳಿರಿ. ಉಳಿತಾಯ ಬೇಕು, ಪರರ ಕಣ್ಣಿನ ಖರ್ಚಿನಲ್ಲಿ ಬೇಡ.