ಸಾರಿನಲ್ಲಿ ಬೆಂದ ಜೋಳದ ಕಡುಬು

ಬಿಸಿನೀರಿನಲ್ಲಿ ಹದ ಮಾಡಿ ನಾದಿದ ಜೋಳದ ಹಿಟ್ಟನ್ನು ಲಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಕಟ್ಟಿ, ನಡುವೆ ಹೆಬ್ಬೆರಳಿನಿಂದ ಒತ್ತಿ ಬೇಯಿಸಿದರೆ ಅದು ಜೋಳದ ಕಡುಬು. ಸೊಪ್ಪು, ತರಕಾರಿ, ಬೇಳೆ ಕೂಡಿ ಕುದಿಯುವ ಸಾರಿಗೇ ಅದನ್ನು ಬಿಟ್ಟು ಬೇಯಿಸಿದರೆ ರೊಟ್ಟಿ ಬಡಿಯುವ ಕೆಲಸವಿಲ್ಲ, ಅನ್ನಕ್ಕೆ ಎಸರಿಡುವ ಕೆಲಸವಿಲ್ಲ. ಒಂದೇ ಪಾತ್ರೆಯಲ್ಲಿ ಮನೆಮಂದಿಯ ಊಟ ಸಿದ್ಧವಾಗುತ್ತದೆ. ದಕ್ಷಿಣದ ಜಿಲ್ಲೆಗಳಲ್ಲಿ ಕಡುಬೆಂದರೆ ಹೂರಣ ತುಂಬಿದ ಸಿಹಿ, ಮಲೆನಾಡಿನಲ್ಲಿ ಅಕ್ಕಿತರಿಯದು. ತುಂಗಭದ್ರೆಯ ದಡದ ಹೊಸಪೇಟೆ, ಕಂಪ್ಲಿ, ಅತ್ತ ಸಂಡೂರಿನ ಬೆಟ್ಟದ ಕೆಳಗಿನ ಊರುಗಳಿಗೆ ಸೇರಿದ ಕಡುಬು ಜೋಳದ್ದು. ಒಳಗೆ ಹೂರಣವಿಲ್ಲ, ಹಿಟ್ಟಿಗೆ ಉಪ್ಪು ಬಿಟ್ಟರೆ ಬೇರೆ ರುಚಿಯಿಲ್ಲ. ರುಚಿ ಸಾರಿನಿಂದ ಬರಬೇಕು.

ಇಂಥ ಅಡುಗೆ ಲೋಕದಲ್ಲಿ ಒಂಟಿಯಲ್ಲ. ಗುಜರಾತಿನವರು ಬೇಳೆಯಲ್ಲಿ ಗೋಧಿ ಹಿಟ್ಟಿನ ತುಂಡು ಬೇಯಿಸಿ ದಾಲ್ ಢೋಕ್ಳಿ ಎನ್ನುತ್ತಾರೆ, ಮರಾಠಿ ಮನೆಗಳಲ್ಲಿ ವರಣಫಲವಿದೆ, ಜರ್ಮನಿಯಲ್ಲಿ ಸೂಪಿಗೆ ಹಾಕುವ ಕ್ನೋಡೆಲ್ ಇದೆ. ಅವುಗಳಲ್ಲಿ ಹೆಚ್ಚಿನವಕ್ಕೆ ಗೋಧಿಯ ಅಂಟಿನ ಆಸರೆ ಉಂಟು. ಜೋಳಕ್ಕೆ ಆ ಆಸರೆಯಿಲ್ಲ. ಈ ಅಡುಗೆಯ ಜಾಣತನವೆಲ್ಲ ಆ ಕೊರತೆಯನ್ನು ದಾಟುವುದರಲ್ಲಿದೆ.

ಜೋಳಕ್ಕಿಂತ ಹಳೆಯದು ಸಾರು. ಬಳ್ಳಾರಿ ಪಕ್ಕದ ಸಂಗನಕಲ್ಲು, ಸಿರುಗುಪ್ಪ ಸೀಮೆಯ ತೆಕ್ಕಲಕೋಟೆ ಮುಂತಾದ ನವಶಿಲಾಯುಗದ ನೆಲೆಗಳ ಮಣ್ಣಿನಿಂದ ಸುಟ್ಟು ಕರಿಕಾದ ಕಾಳುಗಳು ಸಿಕ್ಕಿವೆ. ಅವುಗಳಲ್ಲಿ ಮುಖ್ಯವಾದವು ಹುರುಳಿ, ಹೆಸರು ಮತ್ತು ಕೊರಲೆಯಂಥ ಕಿರುಧಾನ್ಯಗಳು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ದನ ಕಾಯುತ್ತಿದ್ದ ಆ ಜನರ ಮಡಕೆಯಲ್ಲಿ ಬೆಂದದ್ದು ಹೆಚ್ಚಾಗಿ ಇವೇ. ಇಂದಿಗೂ ಈ ಸೀಮೆಯಲ್ಲಿ ಹುರುಳಿ ಬೇಯಿಸಿ ಬಸಿದ ಕಟ್ಟಿನಿಂದ ಸಾರು ಮಾಡುತ್ತಾರೆ. ಚಳಿಗೆ ಅದರಂಥ ಸಾರು ಇನ್ನೊಂದಿಲ್ಲ. ಜೋಳ ಆಫ್ರಿಕಾದಿಂದ ಬಂದ ಕಾಳು. ತಡವಾಗಿ ಬಂದರೂ ಎರೆ ಭೂಮಿಗೆ ಒಗ್ಗಿ, ಈ ನೆಲದ್ದೇ ಎನ್ನುವಷ್ಟು ಬೇರೂರಿತು. ಮಳೆಗಾಲ ಕಳೆಯುವ ಹೊತ್ತಿಗೆ ಬಿತ್ತಿದ ಹಿಂಗಾರಿ ಬಿಳಿಜೋಳ ಎರೆ ಮಣ್ಣು ಹಿಡಿದಿಟ್ಟ ತೇವದಲ್ಲೇ, ಇಬ್ಬನಿಯ ಜತೆ ಬೆಳೆಯುತ್ತದೆ. ಕೆಂಪು ಮಣ್ಣಿನ ಮಸಾರಿ ಹೊಲಗಳಲ್ಲಿ ಸಜ್ಜೆ, ನವಣೆ ಹೆಚ್ಚು.

1520ರ ಸುಮಾರಿಗೆ ಕೃಷ್ಣದೇವರಾಯನ ರಾಜಧಾನಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಪೇಟೆಯಲ್ಲಿ ಅಕ್ಕಿ, ಗೋಧಿ, ಜೋಳ, ಹೆಸರು, ಹುರುಳಿ ಮೊದಲಾದ ಧಾನ್ಯಗಳು ರಾಶಿರಾಶಿಯಾಗಿ ಅಗ್ಗದ ಬೆಲೆಗೆ ಸಿಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಸಾಮಾನ್ಯ ಜನರ ಊಟ ಇಂಥ ಕಾಳುಗಳಿಂದಲೇ ನಡೆಯುತ್ತಿತ್ತೆಂಬುದು ಅವನ ಮಾತಿನಿಂದ ತಿಳಿಯುತ್ತದೆ. ಹಂಪಿಯಲ್ಲಿ ಭೋಜನಶಾಲೆಯೆಂದು ತೋರಿಸುವ ಜಾಗದಲ್ಲಿ ಕಾಲುವೆಯ ಎರಡೂ ಬದಿಗೆ ಕಲ್ಲಿನ ತಟ್ಟೆಗಳ ಸಾಲಿದೆ. ಒಂದೊಂದು ಚಪ್ಪಡಿಯಲ್ಲೂ ದೊಡ್ಡದೊಂದು ತಗ್ಗು, ಅದರ ಸುತ್ತ ಬಟ್ಟಲಿನಂಥ ಸಣ್ಣ ಗುಳಿಗಳು. ಒಣ ಊಟಕ್ಕೆ ಯಾರೂ ಅಷ್ಟು ಗುಳಿ ಕೊರೆಯುವುದಿಲ್ಲ. ಪಲ್ಯ, ಸಾರು, ಮಜ್ಜಿಗೆ ಬೇರೆ ಬೇರೆಯಾಗಿ ಬಡಿಸುವ ಊಟದ ಕ್ರಮ ಆ ಕಲ್ಲಿನಲ್ಲಿ ಕಾಣುತ್ತದೆ. ಇವತ್ತಿನ ಸಾರಿನಲ್ಲಿ ಎದ್ದು ಕಾಣುವ ಕೆಂಪು ಮೆಣಸಿನಕಾಯಿ, ಟೊಮೆಟೊ, ಶೇಂಗಾ ಮೂರೂ ಅಮೆರಿಕ ಖಂಡದಿಂದ ಹಡಗಿನಲ್ಲಿ ಬಂದವು. ಪಾಯಸ್ ಕಂಡ ಊರಿನ ಸಾರಿಗೆ ಖಾರ ಕೊಡುತ್ತಿದ್ದದ್ದು ಕರಿಮೆಣಸೇ ಇರಬೇಕು.

ಇನ್ನು ಹಿಟ್ಟಿನ ಹದ. ಗೋಧಿಗೆ ತಣ್ಣೀರು ಹಾಕಿ ನಾದಿದರೂ ಗ್ಲುಟೆನ್ ಎಂಬ ಪ್ರೋಟೀನು ಬಲೆಯಂತೆ ಹೆಣೆದುಕೊಂಡು ಹಿಟ್ಟನ್ನು ಹಿಡಿಯುತ್ತದೆ. ಜೋಳದಲ್ಲಿ ಅದಿಲ್ಲ. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಕೈಬಿಟ್ಟ ಕೂಡಲೇ ಬಿರಿಯುತ್ತದೆ. ಅದಕ್ಕೇ ಎಸರು ಬೇಕು. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ನೀರಿನಲ್ಲಿ ಜೋಳದ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಅಂಟಾಗುತ್ತವೆ. ಹಿಟ್ಟು ಒಂದಾಗಿ ನಿಲ್ಲುವುದು ಆ ಅಂಟಿನಿಂದ. ಹೆಣ್ಣುಮಕ್ಕಳು ಇದಕ್ಕೆ ‘ಜಿಗಿ’ ಎನ್ನುತ್ತಾರೆ. ಗಿರಣಿಯಿಂದ ಆಗಷ್ಟೇ ಬೀಸಿ ತಂದ ಹಿಟ್ಟಿಗೆ ಜಿಗಿ ಹೆಚ್ಚು, ತಿಂಗಳುಗಟ್ಟಲೆ ಡಬ್ಬಿಯಲ್ಲಿ ಕೂತ ಹಿಟ್ಟಿಗೆ ಕಡಿಮೆ. ಹಳೆ ಹಿಟ್ಟಿನಲ್ಲಿ ಮಾಡಿದ ಕಡುಬು ಅಂಚಿನಲ್ಲಿ ಸೀಳಿ ಸಾರಿನಲ್ಲಿ ಪುಡಿಯಾಗುತ್ತದೆ.

ಅಳತೆ ಸರಳ. ಒಂದು ಬಟ್ಟಲು ಹಿಟ್ಟಿಗೆ ಒಂದು ಬಟ್ಟಲು ನೀರು. ನೀರಿಗೆ ಉಪ್ಪು, ಒಂದು ಚಮಚ ಎಣ್ಣೆ, ಬೇಕಾದರೆ ಚೂರು ಜೀರಿಗೆ ಹಾಕಿ ಕುದಿಸಬೇಕು. ಎಸರು ಮಳ್ಳುವಾಗ ಒಲೆ ಸಣ್ಣ ಮಾಡಿ, ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಎರಡು ನಿಮಿಷ ಮುಚ್ಚಿಟ್ಟು, ಆಮೇಲೆ ಕಟ್ಟಿಗೆಯ ಹುಟ್ಟಿನಿಂದ ತಿರುವಬೇಕು. ಕೊಣಮಿಗೆಗೆ (ಹಿಟ್ಟು ನಾದುವ ಅಗಲ ಪಾತ್ರೆಗೆ) ಸುರಿದು, ಕೈಯನ್ನು ತಣ್ಣೀರಿನಲ್ಲಿ ಅದ್ದಿಕೊಳ್ಳುತ್ತ, ಬಿಸಿಯಿರುವಾಗಲೇ ಅಂಗೈಬುಡದಿಂದ ನಾದಬೇಕು. ಮೊದಲು ಹಿಟ್ಟು ತರಿತರಿಯಾಗಿ, ಮಣ್ಣಿನ ಹೆಂಟೆಯಂತೆ ಒಡೆಯುತ್ತಿರುತ್ತದೆ. ನಾಲ್ಕೈದು ನಿಮಿಷದ ನಾದುವಿಕೆಯಲ್ಲಿ ನುಣ್ಣಗಾಗಿ, ಬೆರಳಿಟ್ಟರೆ ಗೆರೆ ಮೂಡುವಷ್ಟು ಮಿದುವಾಗುತ್ತದೆ. ಆರಿದ ಹಿಟ್ಟು ಮತ್ತೆ ಹದಕ್ಕೆ ಬರುವುದು ಕಷ್ಟ. ಬಿಸಿಗೆ ಹೆದರುವ ಕೈ ಒಳ್ಳೆಯ ಕಡುಬು ಮಾಡಲಾರದು. ಉಂಡೆ ಕಟ್ಟಿ ನಡುವೆ ಒತ್ತುವುದು ಅಂದಕ್ಕಲ್ಲ. ನಡುಭಾಗ ತೆಳುವಾದರೆ ಬಿಸಿ ಬೇಗ ಒಳಗಿಳಿಯುತ್ತದೆ, ಆ ಗುಳಿಯಲ್ಲಿ ಸಾರೂ ನಿಲ್ಲುತ್ತದೆ.

ಸಾರಿಗೆ ಕಾಲಕ್ಕೆ ತಕ್ಕ ತರಕಾರಿ. ನಾಲ್ಕು ಜನಕ್ಕೆ ಅರ್ಧ ಬಟ್ಟಲು ತೊಗರಿಬೇಳೆ, ಜತೆಗೆ ಬದನೆ, ನುಗ್ಗೆ, ಹೀರೆ, ಸಿಹಿಕುಂಬಳ, ಚವಳಿಕಾಯಿ ಇವುಗಳಲ್ಲಿ ಮೂರ್ನಾಲ್ಕು. ಚಳಿಗಾಲದಲ್ಲಿ ಹಸಿ ತೊಗರಿಕಾಳು, ಅವರೆ, ಹಸಿಗಡಲೆ ಸಿಗುತ್ತವೆ. ಆಗಿನ ಸಾರೇ ಎಲ್ಲಕ್ಕಿಂತ ರುಚಿ. ಸೊಪ್ಪಿನಲ್ಲಿ ಮೆಂತ್ಯ, ರಾಜಗಿರಿ, ಸಬ್ಬಸಿಗೆ, ಮತ್ತು ಈ ಸೀಮೆಯವರ ಅಚ್ಚುಮೆಚ್ಚಿನ ಪುಂಡಿ. (ಮಂಗಳೂರಿನ ಕಡೆಯವರಿಗೆ ಪುಂಡಿ ಎಂದರೆ ಅಕ್ಕಿಯ ಉಂಡೆ. ಅಲ್ಲಿ ಕಡುಬಿನ ಹೆಸರಾದದ್ದು ಇಲ್ಲಿ ಆ ಕಡುಬನ್ನು ಬೇಯಿಸುವ ಹುಳಿ ಸೊಪ್ಪಿನ ಹೆಸರು.) ಪುಂಡಿ ಹಾಕಿದರೆ ಹುಣಸೆ ಬೇಡ. ಹುಣಸೆ ಹಾಕುವುದಾದರೆ ಬೇಳೆ, ತರಕಾರಿ ಪೂರ್ತಿ ಬೆಂದ ಮೇಲೆಯೇ ಹಾಕಬೇಕು, ಏಕೆಂದರೆ ಹುಳಿ ಬಿದ್ದ ನೀರಿನಲ್ಲಿ ಬೇಳೆ ಗಟ್ಟಿಯಾಗಿಯೇ ಉಳಿದು ಬೇಗ ಬೇಯುವುದಿಲ್ಲ. ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ. ಕೊನೆಗೆ ಹುರಿದ ಶೇಂಗಾ ಪುಡಿ ಇಲ್ಲವೆ ಗುರೆಳ್ಳು ಪುಡಿ. ಗುರೆಳ್ಳಿನ ಕಮ್ಮನೆಯ ಕಹಿ ಜೋಳದ ಸಪ್ಪೆಗೆ ಸರಿಯಾಗಿ ಕೂಡುತ್ತದೆ.

ಕಡುಬನ್ನು ಬರೀ ನೀರಿನಲ್ಲಿ ಬೇಯಿಸಿ ಆಮೇಲೆ ಸಾರಿಗೆ ಹಾಕುವ ಮನೆಗಳಿವೆ, ಹಬೆಯಲ್ಲಿ ಬೇಯಿಸುವವರೂ ಇದ್ದಾರೆ. ಕಡುಬು ಒಡೆಯುವ ಭಯ ಇದರಲ್ಲಿ ಕಡಿಮೆ, ಆದರೆ ಉಪ್ಪು-ಹುಳಿ ಮೇಲ್ಮೈಯಲ್ಲೇ ನಿಲ್ಲುತ್ತದೆ. ನೇರವಾಗಿ ಸಾರಿನಲ್ಲೇ ಬೇಯಿಸುವುದು ಮೇಲು. ಸಾರು ಮೊದಲು ನೀರಾಗಿಯೇ ಇರಲಿ. ಬೇಯುವಾಗ ಕಡುಬು ಬಿಡುವ ಗಂಜಿಯೇ ಅದನ್ನು ಗಟ್ಟಿ ಮಾಡುತ್ತದೆ. ಸಾರು ಕೊತಕೊತ ಕುದಿಯುವಾಗ ಒಂದೊಂದೇ ಕಡುಬನ್ನು ಅಂಚಿನಿಂದ ಜಾರಿಸಬೇಕು. ಕುದಿಯದ ಸಾರಿಗೆ ಬಿದ್ದ ಕಡುಬು ಮೇಲುಪದರ ಬಿಗಿಯುವ ಮೊದಲೇ ಕರಗುತ್ತದೆ. ಮೊದಲ ಐದು ನಿಮಿಷ ಸೌಟು ಮುಟ್ಟಿಸಬಾರದು. ತಳದಲ್ಲಿದ್ದ ಕಡುಬುಗಳು ಹತ್ತು-ಹನ್ನೆರಡು ನಿಮಿಷದಲ್ಲಿ ಮೇಲೇರಿ, ಮಬ್ಬು ಬಿಳುಪು ಹೋಗಿ ಹೊಳಪು ಬರುತ್ತದೆ. ಒಂದನ್ನು ಮುರಿದು ನೋಡಿದರೆ ನಡುವೆ ಒಣಹಿಟ್ಟಿನ ಚುಕ್ಕೆ ಇರಬಾರದು. ಇಳಿಸಿ ಹತ್ತು ನಿಮಿಷ ಮುಚ್ಚಿಟ್ಟರೆ ಸಾರನ್ನು ಎಳೆದುಕೊಂಡು ಇನ್ನಷ್ಟು ಮೆತ್ತಗಾಗುತ್ತವೆ. ಗಂಗಾಳದಲ್ಲಿ ಕಡುಬು ಮುರಿದು, ಮೇಲೆ ಸಾರು ಸುರಿದು, ಎಣ್ಣೆ ಇಲ್ಲವೆ ತುಪ್ಪ ಬಿಟ್ಟು, ಹಸಿ ಉಳ್ಳಾಗಡ್ಡಿ ಕಚ್ಚಿಕೊಂಡು ಉಣ್ಣುತ್ತಾರೆ. ಹಲ್ಲಿಲ್ಲದ ಅಜ್ಜಿಗೂ ಹಲ್ಲು ಬಾರದ ಕೂಸಿಗೂ ಕಿವುಚಿ ಕೊಡಬಹುದು. ಜ್ವರ ಬಿಟ್ಟು ಬಾಯಿ ಕೆಟ್ಟವರಿಗೆ ಖಾರ ಇಳಿಸಿ, ಬೆಳ್ಳುಳ್ಳಿ ಹೆಚ್ಚಿಸಿ ಮಾಡುತ್ತಾರೆ.

ಹೊಲದ ಹಬ್ಬಗಳಲ್ಲೂ ಕಡುಬಿಗೆ ಜಾಗವಿದೆ. ಶೀಗಿ ಹುಣ್ಣಿಮೆ, ಎಳ್ಳಮಾವಾಸ್ಯೆಗಳಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಬಂಧುಬಳಗ ಕೂತು ಉಣ್ಣುವ ಪದ್ಧತಿ ಜೋಳದ ನಾಡಿನ ತುಂಬ ಇದೆ. ಬೀದರ್, ಕಲಬುರಗಿ ಕಡೆ ಎಳ್ಳಮಾವಾಸ್ಯೆಯ ದಿನದ ರಾಜ ಭಜ್ಜಿ: ಹತ್ತಾರು ಬಗೆಯ ಸೊಪ್ಪು, ತರಕಾರಿ, ಹಸಿಕಾಳುಗಳನ್ನು ಕಡಲೆಹಿಟ್ಟು, ಮಜ್ಜಿಗೆಯೊಡನೆ ಕೂಡಿಸಿ ಕುದಿಸಿದ್ದು. ಅದಕ್ಕೆ ಜತೆ ಸಜ್ಜೆ ರೊಟ್ಟಿ ಮತ್ತು ಕಡುಬು.

ಹೊಸಪೇಟೆ-ಕಂಪ್ಲಿಯ ನದಿಬದಿಗೆ ವಿಜಯನಗರ ಕಾಲದ ಕಾಲುವೆಗಳಿಂದಲೇ ಬಾಳೆ, ಕಬ್ಬು, ಭತ್ತ ಬಂದಿದ್ದವು. ಆದರೂ ಕಾಲುವೆಯಾಚೆಯ ನೆಲವೆಲ್ಲ ಜೋಳದ್ದೇ ಆಗಿತ್ತು. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಜಲಾಶಯದ ನೀರು 1953ರಲ್ಲಿ ಹರಿದ ಮೇಲೆ ಭತ್ತಕ್ಕೂ ಜೋಳಕ್ಕೂ ನಡುವಿನ ಆ ಗೆರೆ ದೂರ ಸರಿಯಿತು. ಎರೆ ಹೊಲಗಳು ಗದ್ದೆಗಳಾದವು, ಮನೆಯ ನೆಲದಡಿಯ ಹಗೇವುಗಳಲ್ಲಿದ್ದ ಜೋಳದ ಜಾಗಕ್ಕೆ ಅಕ್ಕಿ ಚೀಲಗಳು ಬಂದವು. ನೀರು ಬಂದದ್ದು ಒಳ್ಳೆಯದೇ. ಬರಗಾಲ ಕಂಡ ಸೀಮೆಗೆ ಅದರ ಬೆಲೆ ಗೊತ್ತು. ಆದರೆ ಅನ್ನ ದಿನದ ಊಟವಾದಾಗ ಕಡುಬು ಹಬ್ಬಕ್ಕೂ ಮನಸ್ಸಾದ ದಿನಕ್ಕೂ ಸರಿಯಿತು, ಜಿಗಿ ನೋಡಿ ಹಿಟ್ಟು ಅಳೆಯುವ ಕೈಗಳೂ ಕಡಿಮೆಯಾದವು. ಮಳೆಯನ್ನೇ ನಂಬಿದ ಸಂಡೂರು, ಕೂಡ್ಲಿಗಿ ಕಡೆಯ ಊರುಗಳಲ್ಲಿ ಜೋಳದ ಬಳಕೆ ಹೆಚ್ಚು ಉಳಿದಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಪೇಟೆಯ ಅಂಗಡಿಗಳಲ್ಲೂ ಜೋಳದ ಹಿಟ್ಟಿನ ಪೊಟ್ಟಣಗಳು ಕಾಣುತ್ತವೆ. ಆದರೆ ಬೀಸಿದ ದಿನವನ್ನು ನೋಡದೆ ಕೊಂಡ ಹಿಟ್ಟಿನಿಂದ ಕಡುಬಾಗುವುದು ಅದೃಷ್ಟದ ಮಾತು.

ರಾತ್ರಿ ಉಳಿದ ಕಡುಬು ಬೆಳಿಗ್ಗೆ ಗಟ್ಟಿಯಾಗಿರುತ್ತದೆ. ಉಬ್ಬಿದ್ದ ಪಿಷ್ಟ ಆರಿದಾಗ ಮತ್ತೆ ಬಿಗಿಯುವುದೇ ಕಾರಣ. ಅದನ್ನು ಸಾರಿನಿಂದ ತೆಗೆದು, ಬೆರಳುದ್ದ ಹೋಳು ಮಾಡಿ, ಸಾಸಿವೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಯ ಒಗ್ಗರಣೆಯಲ್ಲಿ ಅಂಚು ಕೆಂಪಗಾಗುವ ತನಕ ಹುರಿದು, ಮೇಲೆ ಶೇಂಗಾ ಪುಡಿ ಉದುರಿಸಿದರೆ ಬೆಳಗಿನ ನಾಷ್ಟಾ ಆಯಿತು. ತಳದಲ್ಲಿ ಉಳಿದ ಸಾರು ಅಷ್ಟರಲ್ಲಿ ಅಂಬಲಿಯಷ್ಟು ಗಟ್ಟಿಯಾಗಿರುತ್ತದೆ. ನೀರು ಬೆರೆಸಿ ಇನ್ನೊಂದು ಕುದಿ ಕುದಿಸಿದರೆ ಮಧ್ಯಾಹ್ನದ ರೊಟ್ಟಿಗೆ ಸಾಕು.