ಮಿನಿಮೋಗ್ ನಕಲು ತಪ್ಪಲ್ಲ, ತಪ್ಪು ಬೇರೆ ಕಡೆ ಇದೆ

ಬೆಹ್ರಿಂಗರ್ ಕಂಪನಿ ಹೊಸ ಸಿಂಥಸೈಜರ್ ಒಂದನ್ನು ಮಾರುಕಟ್ಟೆಗೆ ಬಿಟ್ಟಾಗಲೆಲ್ಲ ಎಲೆಕ್ಟ್ರಾನಿಕ್ ಸಂಗೀತಗಾರರ ನಡುವೆ ಅದೇ ಜಗಳ ಮತ್ತೆ ಹೊತ್ತಿಕೊಳ್ಳುತ್ತದೆ. ಇದು ಹಗಲುದರೋಡೆ ಎಂದು ಒಂದು ಗುಂಪು. ಕೈಯಲ್ಲಿ ಕಾಸಿಲ್ಲದವನಿಗೂ ಒಳ್ಳೆಯ ವಾದ್ಯ ಸಿಕ್ಕಿತಲ್ಲ ಎಂದು ಇನ್ನೊಂದು ಗುಂಪು. ಈ ಜಗಳ ತಾರಕಕ್ಕೇರಿದ್ದು ‘ಮಾಡೆಲ್ ಡಿ’ ಬಂದಾಗ. ಮೋಗ್ ಕಂಪನಿಯ 1970ರ ಮಿನಿಮೋಗ್ ಸಿಂಥಸೈಜರನ್ನು ಎದುರಿಗಿಟ್ಟುಕೊಂಡು ಮಾಡಿದ, ಕೀಲಿಮಣೆಯಿಲ್ಲದ, ಎರಡು ಗೇಣೂ ಉದ್ದವಿಲ್ಲದ ಪೆಟ್ಟಿಗೆ ಅದು. ಆಗ ಅದರ ಬೆಲೆ ಸುಮಾರು 300 ಡಾಲರ್. ಅದಕ್ಕೆ ತುಸು ಮುಂಚೆ, 2016ರಲ್ಲಿ, ಮೋಗ್ ಕಂಪನಿ ತಾನೇ ಮತ್ತೆ ತಯಾರಿಸಿದ ಮಿನಿಮೋಗ್‌ಗೆ ಸುಮಾರು 3,500 ಡಾಲರ್ ಇಟ್ಟಿತ್ತು. 2022ರಲ್ಲಿ ಮತ್ತೊಮ್ಮೆ ತಂದಾಗ ಅದು 5,000 ಡಾಲರ್ ಮುಟ್ಟಿತ್ತು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮಾಡೆಲ್ ಡಿ ಮಾಡಿದ್ದರಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಆದರೆ ಅದೇ ಕಂಪನಿ ಆಮೇಲೆ ಮಾಡಿದ ಕೆಲವು ಕೆಲಸಗಳಿಗೂ ಇದೇ ಸಮರ್ಥನೆಯನ್ನು ಹೊದಿಸುವವರ ಜತೆ ನಾನಿಲ್ಲ.

ಸದ್ದಿನ ವಿಚಾರಕ್ಕೆ ಬರೋಣ, ಏಕೆಂದರೆ ಅತಿ ಹೆಚ್ಚು ಉಸಿರು ವ್ಯರ್ಥವಾಗುತ್ತಿರುವುದು ಅಲ್ಲೇ. ಮಿನಿಮೋಗ್‌ನಲ್ಲಿ ಸ್ವರ ಹುಟ್ಟಿಸುವ ಮೂರು ಆಸಿಲೇಟರ್‌ಗಳಿವೆ. ಮೂರನ್ನೂ ಒಂದೇ ಸ್ವರಕ್ಕೆ ಕೂಡಿಸಿದರೂ ಅವು ಕೂದಲೆಳೆಯಷ್ಟು ಆಚೀಚೆ ಸರಿಯುತ್ತಲೇ ಇರುತ್ತವೆ. ಆ ಸರಿದಾಟದಿಂದಲೇ ಸದ್ದಿಗೆ ಮೈ ಬರುತ್ತದೆ. ಅವು ಮಿಕ್ಸರ್‌ನಲ್ಲಿ ಸೇರಿ, ಟ್ರಾನ್ಸಿಸ್ಟರ್ ಜೋಡಿಗಳನ್ನು ಒಂದರ ಮೇಲೊಂದು ಏರಿಸಿ ಕಟ್ಟಿದ ಲ್ಯಾಡರ್ ಫಿಲ್ಟರ್‌ಗೆ ಹೋಗುತ್ತವೆ. ಅಲ್ಲಿಗೆ ಹೋಗುವ ಸಂಕೇತ ಲೆಕ್ಕಕ್ಕಿಂತ ಜೋರಾಗಿ ಹೋಗುವಂತೆ ವಿನ್ಯಾಸದಲ್ಲೇ ಎಡವಟ್ಟಾಗಿತ್ತು, ಮಿನಿಮೋಗ್‌ನ ಆ ದಪ್ಪ, ತುಸು ಒಡೆದ ದನಿಗೆ ಅದೂ ಒಂದು ಕಾರಣ. ಮಾಡೆಲ್ ಡಿ ಮುಂದೆ ಕೂತು ಕಟ್‌ಆಫ್ ನಾಬನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿ. ಮೇಲಿನ ಹೊಳಪು ಮೊದಲು ಅಡಗುತ್ತದೆ, ಆಮೇಲೆ ನಡುವಿನ ಭಾಗ, ಕೊನೆಗೆ ಎದೆಗೆ ತಾಗುವ ತಳದ ಗುಂಯ್‌ಗುಡುವಿಕೆ ಮಾತ್ರ ಉಳಿಯುತ್ತದೆ. ಎಂಫಸಿಸ್ ಏರಿಸಿದರೆ ಅದೇ ಫಿಲ್ಟರ್ ತಾನೇ ಸಿಳ್ಳೆ ಹಾಕಲು ಶುರುಮಾಡುತ್ತದೆ. ದೋಷಗಳಿಲ್ಲವೇ? ಇವೆ. ನಾಬುಗಳು ಇಕ್ಕಟ್ಟಾಗಿವೆ, ಒಂದನ್ನು ತಿರುಗಿಸಲು ಹೋದ ಬೆರಳು ಪಕ್ಕದ್ದಕ್ಕೆ ತಾಗುತ್ತದೆ; ನುಡಿಸುತ್ತಲೇ ಸದ್ದನ್ನು ತಿದ್ದುವ ಕಲಾವಿದನಿಗೆ ಇದು ಸಣ್ಣ ತೊಂದರೆಯಲ್ಲ. ಕೀಲಿಮಣೆಯನ್ನು ಬೇರೆ ತಂದು ಜೋಡಿಸಿಕೊಳ್ಳಬೇಕು. ಆದರೆ ಡ್ರಮ್ಸು, ಗಿಟಾರುಗಳ ನಡುವೆ ಧ್ವನಿಮುದ್ರಣವಾದ ಮೇಲೆ ಯಾವುದು 300 ಡಾಲರಿನದು, ಯಾವುದು 5,000ದ್ದು ಎಂದು ಕೇಳುಗರು ಹೇಳಲಾರರು. ಹೇಳುವ ಅಗತ್ಯವೂ ಅವರಿಗಿಲ್ಲ.

ಹಾಗಾದರೆ ಉಳಿಯುವುದು ನ್ಯಾಯದ ಪ್ರಶ್ನೆ. ಲ್ಯಾಡರ್ ಫಿಲ್ಟರ್‌ನ ಪೇಟೆಂಟ್ ಮೋಗ್ ಕಂಪನಿಯ ಸ್ಥಾಪಕ ಬಾಬ್ ಮೋಗ್ ಅವರಿಗೆ ಸಿಕ್ಕಿದ್ದು 1969ರಲ್ಲಿ. ಅದರ ಅವಧಿ ಎಂಬತ್ತರ ದಶಕದಲ್ಲೇ ಮುಗಿದಿದೆ. ಪೇಟೆಂಟ್ ಎಂಬುದು ಸಮಾಜ ಮಾಡಿಕೊಂಡ ಒಂದು ಕರಾರು: ಇಷ್ಟು ವರ್ಷ ಲಾಭ ನಿನ್ನದು, ಆಮೇಲೆ ವಿದ್ಯೆ ಎಲ್ಲರದು. ಆ ಕರಾರಿನ ಮೊದಲರ್ಧವನ್ನು ಅನುಭವಿಸಿ, ಎರಡನೆಯ ಅರ್ಧ ಬಂದಾಗ ಕಳ್ಳತನ ಎಂದು ಕೂಗುವುದು ಸರಿಯಲ್ಲ. ಇದು ಬಾಬ್ ಮೋಗ್ ಅವರಿಗೆ ಮಾಡಿದ ಅನ್ಯಾಯ ಎಂಬ ಮಾತಂತೂ ನಿಲ್ಲುವುದೇ ಇಲ್ಲ. ಅವರು ತಾವೇ ಕಟ್ಟಿದ ಕಂಪನಿಯನ್ನು 1977ರಲ್ಲಿ ಬಿಟ್ಟು ಹೊರಬಂದರು, ವಾದ್ಯಗಳ ಮೇಲೆ ತಮ್ಮದೇ ಹೆಸರು ಹಾಕಿಕೊಳ್ಳುವ ಹಕ್ಕು ಮರಳಿ ಸಿಕ್ಕಿದ್ದು 2002ರಲ್ಲಿ, 2005ರಲ್ಲಿ ತೀರಿಕೊಂಡರು. ಮಿನಿಮೋಗ್ ತಯಾರಿಕೆ 1981ರಲ್ಲಿ ನಿಂತಿತ್ತು. ಮೂವತ್ತೈದು ವರ್ಷ ಅಂಗಡಿಗೇ ಬಾರದಿದ್ದ ವಾದ್ಯವನ್ನು ಇನ್ನೊಬ್ಬರು ಮಾಡಲು ಹೊರಟರೆ ಯಾರ ಅನ್ನ ಕಿತ್ತುಕೊಂಡಂತಾಯಿತು?

ಮೋಗ್ ಅವರ ವೃತ್ತಿಯೇ ಇನ್ನೊಬ್ಬರು ಕಂಡುಹಿಡಿದ ವಾದ್ಯದಿಂದ ಶುರುವಾದದ್ದು. ರಷ್ಯಾದ ಲೆವ್ ಟೆರ್ಮೆನ್ ಥೆರೆಮಿನ್ ಎಂಬ ಎಲೆಕ್ಟ್ರಾನಿಕ್ ವಾದ್ಯಕ್ಕೆ ಅಮೆರಿಕದಲ್ಲಿ 1928ರಲ್ಲಿ ಪೇಟೆಂಟ್ ಪಡೆದಿದ್ದರು. 1954ರಲ್ಲಿ, ಇನ್ನೂ ಇಪ್ಪತ್ತು ತುಂಬದ ಹುಡುಗ ಮೋಗ್, ಥೆರೆಮಿನ್ ಕಟ್ಟುವುದು ಹೇಗೆಂದು ಪತ್ರಿಕೆಯೊಂದಕ್ಕೆ ಲೇಖನ ಬರೆದರು. ಅರವತ್ತರ ದಶಕದ ಆರಂಭದಲ್ಲಿ ಅದರ ಬಿಡಿಭಾಗಗಳ ಕಿಟ್‌ಗಳನ್ನು ಸಾವಿರದ ಲೆಕ್ಕದಲ್ಲಿ ಮಾರಿದರು. ಆಗ ಟೆರ್ಮೆನ್ ಸೋವಿಯತ್ ಒಕ್ಕೂಟದಲ್ಲಿ ಬದುಕಿದ್ದರು. ಇದನ್ನು ಕಳ್ಳತನ ಎಂದು ಯಾರೂ ಕರೆಯಲಿಲ್ಲ, ಕರೆಯಬಾರದು ಕೂಡ: ಪೇಟೆಂಟ್ ಅವಧಿ ಮುಗಿದಿತ್ತು, ಮೋಗ್ ಟೆರ್ಮೆನ್ ಅವರ ಹೆಸರನ್ನು ಜೀವನಪೂರ್ತಿ ಗೌರವದಿಂದ ಹೇಳುತ್ತಲೇ ಬಂದರು.

ವಾದ್ಯ ಅಗ್ಗವಾದಾಗ ಏನಾಗುತ್ತದೆ ಎಂಬುದಕ್ಕೆ ರೋಲಂಡ್ ಕಂಪನಿಯ ಟಿಬಿ-303 ಸಾಕ್ಷಿ. 1981ರಲ್ಲಿ ಬಂತು, 1984ಕ್ಕೆಲ್ಲ ಮುಗಿದುಹೋಯಿತು. ಒಂಟಿ ಗಿಟಾರ್ ವಾದಕನಿಗೆ ಬೇಸ್ ಸಾಥಿಯಾಗಲೆಂದು ಮಾಡಿದ ಆ ಪೆಟ್ಟಿಗೆಯನ್ನು ಗಿಟಾರ್ ವಾದಕರು ಮೂಸಿಯೂ ನೋಡಲಿಲ್ಲ. ಅದು ಸೆಕೆಂಡ್‌ಹ್ಯಾಂಡ್ ಅಂಗಡಿಗಳಿಗೆ ಬಿದ್ದಾಗ ಷಿಕಾಗೋದ ಹುಡುಗರು ಕೊಂಡರು. ಅದರ ನಾಬುಗಳನ್ನು ಯಾರೂ ತಿರುಗಿಸದ ರೀತಿಯಲ್ಲಿ ತಿರುಗಿಸಿ 1987ರಲ್ಲಿ ‘ಆ್ಯಸಿಡ್ ಟ್ರ್ಯಾಕ್ಸ್’ ಹೊರತಂದರು. ಒಂದು ಸಂಗೀತ ಪ್ರಕಾರವೇ ಹುಟ್ಟಿತು. ಅದಕ್ಕೂ ಐದು ವರ್ಷ ಮೊದಲು, 1982ರಲ್ಲಿ, ಮುಂಬಯಿಯ ಚಿತ್ರಸಂಗೀತದ ವಾದಕ ಚರಣಜಿತ್ ಸಿಂಗ್ ಅದೇ 303ಯಲ್ಲಿ ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿದ್ದರು. ಆ ಧ್ವನಿಮುದ್ರಿಕೆ ಆಗ ಮಾರಾಟವಾಗಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ ಜಗತ್ತು ಬೆರಗಾಯಿತು. ಈ ನಡುವೆ ಅಸಲಿ 303ರ ಬೆಲೆ ಸಾವಿರಾರು ಡಾಲರಿಗೆ ಏರಿ, ಅದು ಸಂಗ್ರಾಹಕರ ಕಪಾಟು ಸೇರಿತು. ಇವತ್ತಿನ ಹದಿನೆಂಟರ ಹುಡುಗಿಯೊಬ್ಬಳು ಆ ಸದ್ದನ್ನು ಬೆರಳಲ್ಲಿ ಹಿಡಿಯಬೇಕಾದರೆ ಅಗ್ಗದ ನಕಲು ಬಿಟ್ಟರೆ ದಾರಿಯಿಲ್ಲ. ಅವಳ ವಾದ್ಯ ನೋಡಿ ಮೂಗು ಮುರಿಯುವವರು ಕಾಯುತ್ತಿರುವುದು ತಮ್ಮ ಕಪಾಟಿನ ಬೆಲೆಯನ್ನು. ಸಂಗೀತಕ್ಕೆ ಅದರಿಂದ ಏನೂ ಸಿಗುವುದಿಲ್ಲ.

ಇಷ್ಟರವರೆಗೆ ನಾನು ಬೆಹ್ರಿಂಗರ್ ಪಕ್ಷ. ಇಲ್ಲಿಂದ ಮುಂದೆ ಅಲ್ಲ.

ಫ್ರಾನ್ಸಿನ ಆರ್ಟೂರಿಯಾ ಕಂಪನಿಯ ‘ಕೀಸ್ಟೆಪ್’ ಹಳೆಯ ವಸ್ತುವಲ್ಲ. ನಕಲು ಬಂದಾಗಲೂ ತಯಾರಾಗುತ್ತಿದ್ದ, ಆಗಲೇ ಕೈಗೆಟುಕುವ ಬೆಲೆಗೆ ಸಿಗುತ್ತಿದ್ದ ಪುಟ್ಟ ಕೀಲಿಮಣೆ. ಬೆಹ್ರಿಂಗರ್ ಅದಕ್ಕೆ ಎದುರಾಗಿ ‘ಸ್ವಿಂಗ್’ ತಂದಿತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ: ನಾಬಿದ್ದ ಕಡೆ ನಾಬು, ಗುಂಡಿಯಿದ್ದ ಕಡೆ ಗುಂಡಿ. ಕೀಸ್ಟೆಪ್‌ನ ಪ್ರತಿ ಗುಂಡಿ ಎಲ್ಲಿರಬೇಕೆಂದು ತಲೆ ಕೆಡಿಸಿಕೊಂಡದ್ದು ಆರ್ಟೂರಿಯಾ. ಇಲ್ಲಿ ಯಾವ ಬಡ ಕಲಾವಿದನಿಗೂ ಮುಚ್ಚಿದ್ದ ಬಾಗಿಲು ತೆರೆಯಲಿಲ್ಲ. ಬೆಹ್ರಿಂಗರ್‌ನದೇ ‘ಅಬಾಕಸ್’ ಇನ್ನೂ ಕೆಟ್ಟದ್ದು. ಅದು ನಕಲು ಮಾಡಿದ್ದು ಅಮೆರಿಕದ ಆ್ಯಶ್‌ವಿಲ್ ಊರಿನ ‘ಮೇಕ್ ನಾಯ್ಸ್’ ಎಂಬ ಸಣ್ಣ ತಯಾರಕರ ‘ಮ್ಯಾತ್ಸ್’ ಮಾಡ್ಯೂಲನ್ನು, ಅಂದರೆ ಸಿಂಥಸೈಜರಿಗೆ ಜೋಡಿಸುವ ಬಿಡಿ ಘಟಕವನ್ನು. ಆ ಸಂಸ್ಥೆ ಬದುಕುವುದೇ ಇಂಥ ಮಾಡ್ಯೂಲುಗಳ ಮಾರಾಟದಿಂದ. ಚೀನಾದಲ್ಲಿ ಸ್ವಂತ ಕಾರ್ಖಾನೆಯಿಟ್ಟುಕೊಂಡು ಚಿಪ್‌ಗಳನ್ನೂ ತಾನೇ ಮಾಡಿಸಿಕೊಳ್ಳುವ ದೈತ್ಯ ಕಂಪನಿಯೊಂದು ಅದೇ ಕೆಲಸದ ಪೆಟ್ಟಿಗೆಯನ್ನು ಎಷ್ಟೋ ಕಡಿಮೆ ಬೆಲೆಗೆ ತಂದು ನಿಲ್ಲಿಸಿದರೆ, ಬೆಲೆಯಲ್ಲಿ ಎದುರು ನಿಲ್ಲುವ ಶಕ್ತಿ ಅಂಥ ಸಂಸ್ಥೆಗೆ ಎಲ್ಲಿಂದ ಬರಬೇಕು?

ಬೆಂಗಳೂರಿನವರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಕೊಳಲು ನುಡಿಸಬಲ್ಲ ಎಂಜಿನಿಯರ್ ಜಿ. ರಾಜನಾರಾಯಣ್ ಇದೇ ಊರಿನಲ್ಲಿ ರಾಡೆಲ್ ಸಂಸ್ಥೆ ಕಟ್ಟಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ಕಚೇರಿಯ ವೇದಿಕೆಗೆ ತಂದರು. ತಂಬೂರಿಯ ಜೀವವನ್ನು ಪೆಟ್ಟಿಗೆಯೊಳಗೆ ಹಿಡಿಯಲು ಕಿವಿಯಿಟ್ಟು ದುಡಿದ ಮೇಲೆ ಸಿಕ್ಕ ಫಲ ಅದು. ಆ ಪೆಟ್ಟಿಗೆ ಅಂಗಡಿಗೆ ಬಂದ ಮರುವರ್ಷವೇ ಹೊರಗಿನ ದೊಡ್ಡ ಕಂಪನಿಯೊಂದು ಗುಂಡಿ ಗುಂಡಿಗೂ ಅದನ್ನೇ ಹೋಲುವ ಮಾಲನ್ನು ಅರ್ಧ ಬೆಲೆಗೆ ಸುರಿದಿದ್ದರೆ, ಮುಂದಿನ ಸುಧಾರಣೆಗೆ ಕೈಹಾಕುವ ಧೈರ್ಯ ಯಾರಿಗಿರುತ್ತಿತ್ತು?

ಈ ಕಂಪನಿ ಟೀಕೆಯನ್ನು ಎದುರಿಸಿದ ರೀತಿಯನ್ನೂ ನಾನು ಮರೆಯಲಾರೆ. 2017ರಲ್ಲಿ ಬೆಹ್ರಿಂಗರ್‌ನ ಮಾತೃಸಂಸ್ಥೆ ಡೇವ್ ಸ್ಮಿತ್ ಅವರ ಸಂಸ್ಥೆಯ ಮೇಲೆ, ಅಲ್ಲಿನ ಒಬ್ಬ ಎಂಜಿನಿಯರ್ ಮೇಲೆ, ಹೆಸರು ಹೇಳದೆ ಟೀಕೆ ಬರೆದಿದ್ದವರ ಮೇಲೂ ಮಾನನಷ್ಟ ಮೊಕದ್ದಮೆ ಹೂಡಿತು. ಕ್ಯಾಲಿಫೋರ್ನಿಯಾದ ನ್ಯಾಯಾಲಯ ಅದನ್ನು ವಜಾ ಮಾಡಿತು. ಡೇವ್ ಸ್ಮಿತ್ ಯಾರು? ಯಾವ ಕಂಪನಿಯ ವಾದ್ಯವೂ ಇನ್ನಾವ ಕಂಪನಿಯ ವಾದ್ಯದೊಡನೆ ಮಾತಾಡುವಂತೆ ಮಾಡಿದ ಮಿಡಿ ವ್ಯವಸ್ಥೆಯನ್ನು ರೂಪಿಸಿ, 1983ರಲ್ಲಿ ರಾಯಧನ ಕೇಳದೆ ಜಗತ್ತಿಗೆ ಬಿಟ್ಟುಕೊಟ್ಟವರಲ್ಲಿ ಪ್ರಮುಖರು. ಮಾಡೆಲ್ ಡಿ ಪೆಟ್ಟಿಗೆಯಲ್ಲೂ ಮಿಡಿ ಇದೆ. ಎಲ್ಲರಿಗೂ ವಾದ್ಯ ಎಂದು ಘೋಷಿಸುವವರು ಎಲ್ಲರಿಗೂ ಬಾಯಿ ಇದೆ ಎಂಬುದನ್ನೂ ಒಪ್ಪಬೇಕು.

ಅಬಾಕಸ್ ಪರ ವಾದಿಸುವವರ ಬಳಿ ಒಂದು ಗಟ್ಟಿ ಪ್ರಶ್ನೆಯಿದೆ. ಮ್ಯಾತ್ಸ್ ಕೂಡ ಆಕಾಶದಿಂದ ಉದುರಿದ್ದಲ್ಲ, ಡಾನ್ ಬುಕ್ಲಾ ಮತ್ತು ಸರ್ಜ್ ಚೆರೆಪ್ನಿನ್ ದಶಕಗಳ ಹಿಂದೆ ಮಾಡಿದ ಸರ್ಕ್ಯೂಟುಗಳ ವಂಶದ್ದೇ ಅಲ್ಲವೇ ಎಂಬುದು ಅದು. ಹೌದು. ಆದರೆ ಮೇಕ್ ನಾಯ್ಸ್ ಆ ಹಳೆಯ ಸರ್ಕ್ಯೂಟುಗಳನ್ನು ಒಡೆದು, ಬೇರೆ ಕೆಲಸಗಳನ್ನು ಕೂಡಿಸಿ, ಬಳಸುವವನ ಕೈಗೆ ಹೊಸದಾಗಿ ಒಗ್ಗುವ ವಿನ್ಯಾಸ ಮಾಡಿತು. ಬುಕ್ಲಾ ಪರಂಪರೆಯನ್ನು ತನ್ನ ಕೈಪಿಡಿಯಲ್ಲೇ ನೆನೆಯಿತು. ಬೆಹ್ರಿಂಗರ್‌ಗೂ ಈ ದಾರಿ ಮುಚ್ಚಿರಲಿಲ್ಲ. ಬುಕ್ಲಾ, ಸರ್ಜ್ ಸರ್ಕ್ಯೂಟುಗಳನ್ನೇ ಎತ್ತಿಕೊಂಡು, ತನ್ನದೇ ವಿನ್ಯಾಸದಲ್ಲಿ 100 ಡಾಲರಿಗೆ ಮಾರಿದ್ದರೆ ನಾನೇ ಮೊದಲು ಕೊಳ್ಳುತ್ತಿದ್ದೆ.