ಬುಗ್ಗೆಯ ಬಾಯಿಗೆ ಬೇಲಿ

ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ಸಲದ ಪ್ರವಾಸದ ವಿಷಯ ಚರ್ಚೆಗೆ ಬಂದಾಗ ತರುಣ ಸದಸ್ಯರೊಬ್ಬರು ಬಣ್ಣಬಣ್ಣದ ಪ್ರಚಾರ ಪತ್ರಿಕೆಯೊಂದನ್ನು ಮೇಜಿನ ಮೇಲೆ ಹರಡಿದರು. ಲಡಾಖಿನ ಬೋಳುಬೆಟ್ಟಗಳ ನಡುವೆ ಬೆಳ್ಳನೆಯ ಡೇರೆಗಳ ಸಾಲು. ಡೇರೆಯೊಳಗೆ ಮಂಚ, ರತ್ನಗಂಬಳಿ, ಕಮೋಡು, ಷವರು. ಹೊರಗೆ ಹಬೆಯಾಡುವ ಬಿಸಿನೀರಿನ ಬುಗ್ಗೆ. ಇದಕ್ಕೆ ‘ಗ್ಲಾಂಪಿಂಗ್’ ಎಂದು ಹೆಸರಂತೆ. ಗ್ಲಾಮರ್, ಕ್ಯಾಂಪಿಂಗ್ ಎರಡನ್ನೂ ಬೆಸೆದು ಮಾಡಿದ ಪದ. ಸಂಧಿಯೋ ಸಮಾಸವೋ ವ್ಯಾಕರಣ ಬಲ್ಲವರು ಹೇಳಬೇಕು. ಡೇರೆ ಬೇಡವೆನ್ನುವವರಿಗೆ ಹಾಸಿಗೆ, ಒಲೆ, ಶೌಚಗೃಹಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುವ ಕಾರವಾನ್ ವಾಹನ. ಬಿಸಿನೀರಿನ ಸ್ನಾನವೇ ಬೇಕಾದರೆ ಗಣೇಶಪುರಿ ಇದೆಯಲ್ಲ ಎಂದು ನಾನು ಮೆಲ್ಲಗೆ ಸೂಚಿಸಿದೆ. “ಆ ಸಾರ್ವಜನಿಕ ಕುಂಡದಲ್ಲಿ ಈಗ ಯಾರು ಸ್ವಾಮಿ ಮೀಯುತ್ತಾರೆ?” ಎಂಬ ಉತ್ತರ ಬಂತು. ಸಭೆ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ನಗು ಗಂಟಲಲ್ಲಿ ಸಿಕ್ಕಿಕೊಂಡಿತು.

ಯಾರು ಮೀಯುತ್ತಿದ್ದರೆಂಬುದು ನನಗೆ ಗೊತ್ತು. ನನ್ನ ತಂದೆ ಮುಂಬಯಿಯ ಮಾತುಂಗಾದ ಹೊಟೆಲೊಂದರಲ್ಲಿ ದುಡಿದವರು. ವರ್ಷಕ್ಕೊಮ್ಮೆ ರಜೆ ಸಿಕ್ಕಾಗ ನಮ್ಮನ್ನು ಗಣೇಶಪುರಿಗೆ ಕರೆದೊಯ್ಯುತ್ತಿದ್ದರು. ಕಾಸರಗೋಡು ಸೀಮೆಯ ಕಾಞಂಗಾಡಿನಲ್ಲಿ ಗುಹೆಗಳನ್ನು ಕೊರೆಯಿಸಿದ ನಿತ್ಯಾನಂದ ಸ್ವಾಮಿಗಳು ಕೊನೆಗೆ ನೆಲೆನಿಂತದ್ದು ಠಾಣೆ ಜಿಲ್ಲೆಯ ಈ ಹಳ್ಳಿಯಲ್ಲಿ; 1961ರಲ್ಲಿ ಸಮಾಧಿಸ್ಥರಾದದ್ದೂ ಇಲ್ಲಿಯೇ. ಕರಾವಳಿಯಿಂದ ಹೊಟ್ಟೆಪಾಡಿಗೆ ಬಂದ ನಮ್ಮವರಿಗೆ ಅದು ಊರಿನ ವಾಸನೆಯಿದ್ದ ಕ್ಷೇತ್ರ. ಭೀಮೇಶ್ವರ ದೇವಾಲಯದ ಬಳಿಯ ಕುಂಡಗಳಲ್ಲಿ ಹೊಟೆಲಿನ ಮಾಣಿ, ಧಣಿ, ಗಿರಣಿ ಕಾರ್ಮಿಕ, ಸುತ್ತಲಿನ ಆದಿವಾಸಿ ಎಲ್ಲರೂ ಒಂದೇ ನೀರಿಗೆ ಇಳಿಯುತ್ತಿದ್ದರು. ಇಡೀ ವರ್ಷ ಎಂಜಲು ತಟ್ಟೆ ಎತ್ತಿದ ಕೈಗಳನ್ನು ತಂದೆ ಕತ್ತಿನವರೆಗಿನ ಆ ಬಿಸಿಯಲ್ಲಿ ಬಹಳ ಹೊತ್ತು ಮುಳುಗಿಸಿಟ್ಟುಕೊಂಡಿರುತ್ತಿದ್ದುದು ನೆನಪಿದೆ. ಕುಂಡ ಸ್ವಚ್ಛವಾಗಿತ್ತೆಂದು ನಾನು ಹೇಳಲಾರೆ. ಪಾಚಿಯಿತ್ತು, ಸಾಬೂನಿನ ನೊರೆಯಿತ್ತು. ಸ್ವಚ್ಛಗೊಳಿಸುವುದು ಸಾಧ್ಯವಿರುವ ಕೆಲಸ.

ಇನ್ನು ಲಡಾಖಿನ ಮಾತು. ಅಲ್ಲಿ ಬಿಸಿನೀರಿನ ಬುಗ್ಗೆಗಳಿಗೆ ಕೊರತೆಯಿಲ್ಲ: ನುಬ್ರಾ ಕಣಿವೆಯ ಪನಾಮಿಕ್, ಸಿಂಧೂ ನದಿಯ ದಡದ ಚುಮಾಥಾಂಗ್, ಅಲ್ಲಿಂದ ಮೇಲೇರಿದರೆ ತ್ಸೋ ಮೊರಿರಿ ಹಾಗೂ ತ್ಸೋ ಕರ್ ಸರೋವರಗಳ ನಡುವಣ ಪುಗಾ. ಪುಗಾ ಸಮುದ್ರಮಟ್ಟದಿಂದ ಸುಮಾರು 4,400 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಬುಗ್ಗೆಗಳ ಉಷ್ಣತೆ 84 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋಗುತ್ತದೆ. ಆ ಎತ್ತರದ ಹಗುರ ಗಾಳಿಯಲ್ಲಿ ನೀರು ಕುದಿಯುವುದೇ ಹೆಚ್ಚುಕಡಿಮೆ ಅಷ್ಟಕ್ಕೆ. ಗಂಧಕವೂ ಬಿಳಿಗಾರವೂ ದೊರೆಯುವ ಕಣಿವೆಯದು. ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಅದೇ ಬಿಳಿಗಾರ. ಈ ಭೂತಾಪದಿಂದ ವಿದ್ಯುತ್ ತೆಗೆಯುವ ಪ್ರಯತ್ನಕ್ಕಾಗಿ 2021ರಲ್ಲಿ ಒ.ಎನ್.ಜಿ.ಸಿ. ಲಡಾಖ್ ಆಡಳಿತದೊಂದಿಗೆ ಒಪ್ಪಂದ ಮಾಡಿಕೊಂಡಿತು. ಬುಗ್ಗೆಯ ನೀರು ಹರಿದು ಹರಡುವ ಜೌಗಿನಲ್ಲಿ ಕರಿಕತ್ತಿನ ಕೊಕ್ಕರೆಗಳು ಮರಿಮಾಡುತ್ತವೆ. ಪಶ್ಮೀನಾ ಆಡುಗಳನ್ನು ಮೇಯಿಸುವ ಚಾಂಗ್ಪಾ ಜನರ ಮಕ್ಕಳಿಗಾಗಿ ಅಲ್ಲೊಂದು ವಸತಿಶಾಲೆಯೂ ಇದೆ. ಇಂಥಲ್ಲಿ ಬುಗ್ಗೆಯ ಸುತ್ತ ಡೇರೆಗಳ ಬೇಲಿ ಎದ್ದರೆ ಆ ಕೊಕ್ಕರೆ ಎಲ್ಲಿಗೆ ಹೋಗಬೇಕು, ಆ ಆಡು ಎಲ್ಲಿ ನೀರು ಕುಡಿಯಬೇಕು?

ಲೇಹ್ ಪಟ್ಟಣದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ಬರದ ನಾಡೆಂದು ನಾವು ಅಲವತ್ತುಕೊಳ್ಳುವ ನಾಶಿಕದ ಪೂರ್ವ ತಾಲ್ಲೂಕುಗಳೂ ಅದರ ಮುಂದೆ ಮಲೆನಾಡೇ ಸರಿ. ಹಿಮ ಕರಗಿದ ನೀರೇ ಅಲ್ಲಿಯವರ ಬೆಳೆ, ಬದುಕು. ಆದ್ದರಿಂದಲೇ ಹಿರಿಯರು ನೀರಿಲ್ಲದ ಒಣ ಶೌಚಾಲಯವನ್ನು ರೂಢಿಸಿ, ಅದರ ಗೊಬ್ಬರವನ್ನು ಹೊಲಕ್ಕೆ ಹಾಕಿದರು. ನಮ್ಮ ಪ್ರಚಾರ ಪತ್ರಿಕೆಯಾದರೋ ಅದೇ ನೆಲದಲ್ಲಿ ಪ್ರತಿ ಡೇರೆಗೂ ಫ್ಲಶ್ ಸೌಕರ್ಯವಿದೆಯೆಂದು ಹೆಮ್ಮೆಪಡುತ್ತದೆ. ಹುಂಡರ್, ಪಾಂಗಾಂಗ್, ಕೊರ್ಜೋಕ್‌ಗಳಲ್ಲಿ ಡೇರೆಗಳು ಈಗಾಗಲೇ ಸಾಲುಗಟ್ಟಿವೆ. ಕಾರವಾನಿನದು ಇನ್ನೊಂದು ಸಮಸ್ಯೆ. ಮಹಾರಾಷ್ಟ್ರ ಸರಕಾರವೂ 2021ರಲ್ಲಿ ಕಾರವಾನ್ ಪ್ರವಾಸೋದ್ಯಮಕ್ಕೆಂದು ನೀತಿಯೊಂದನ್ನು ಹೊರಡಿಸಿತು. ಅದು ಬೇಡವೆನ್ನಲು ನಾನಾರು? ಆದರೆ ಗಾಡಿಯ ಹೊಟ್ಟೆಯಲ್ಲಿ ತುಂಬಿದ ಮಲಿನವನ್ನು ಎಲ್ಲಿ ಬರಿದು ಮಾಡುತ್ತೀರಿ ಎಂಬ ಒಂದು ಪ್ರಶ್ನೆಗೆ ಉತ್ತರ ಬೇಕು. ನಮ್ಮ ಪಿಂಪಳಗಾಂವ್ ಬಸವಂತದ ಮುಂಬಯಿ-ಆಗ್ರಾ ಹೆದ್ದಾರಿಯ ಬದಿಯಲ್ಲಾದರೆ ಏನಾದರೂ ವ್ಯವಸ್ಥೆ ಮಾಡಿಯೇವು. ಶೀತ ಮರುಭೂಮಿಯಲ್ಲಿ ಕೊಳೆಯುವ ಕ್ರಿಯೆಯೇ ಬಲು ನಿಧಾನ. ಅಲ್ಲಿ ಚೆಲ್ಲಿದ್ದು ಅಲ್ಲೇ ಉಳಿಯುತ್ತದೆ. ಹುಲ್ಲಿನ ಮೇಲೆ ಒಮ್ಮೆ ಮೂಡಿದ ಚಕ್ರದ ಗುರುತು ವರ್ಷಗಟ್ಟಲೆ ಮಾಸುವುದಿಲ್ಲ.

ಡೇರೆಯೆಂಬ ಮಾತಿಗೂ ಒಂದು ಮಾನವಿದೆ. ಚಾಂಗ್ಪಾಗಳು ಯಾಕಿನ ಕೂದಲಿನಿಂದ ನೇಯ್ದ ‘ರೆಬೊ’ ಎಂಬ ಡೇರೆಯಲ್ಲಿ ಬಾಳುತ್ತಾರೆ. ಹುಲ್ಲು ತೀರಿತೆಂದರೆ ಕಿತ್ತು ಮುಂದಕ್ಕೆ ಹೋಗುತ್ತಾರೆ. ಅಷ್ಟು ದೂರವೇಕೆ? ನಮ್ಮೂರಿನ ಸುತ್ತಲ ದ್ರಾಕ್ಷಿ ತೋಟಗಳಿಗೆ ಸುರಗಾಣೆ, ಪೇಠ್ ಕಡೆಯ ಆದಿವಾಸಿ ಕುಟುಂಬಗಳು ಸವರುವ ಕಾಲಕ್ಕೆ ಬಂದು ತಾಡಪಾಲಿನ ಗುಡಿಸಿಲುಗಳಲ್ಲಿ ತಿಂಗಳುಗಟ್ಟಲೆ ಇರುತ್ತವೆ. ವಿಂಚೂರಿನ ವೈನ್ ಪಾರ್ಕಿಗೆ ಬರುವ ಅತಿಥಿಗಳು ಆ ಗುಡಿಸಿಲುಗಳ ಮುಂದೆಯೇ ಹಾದುಹೋಗುತ್ತಾರೆ. ಅದನ್ನು ಯಾರೂ ಕ್ಯಾಂಪಿಂಗ್ ಎನ್ನುವುದಿಲ್ಲ. (ಊರಿನ ಹೆಸರಿನಲ್ಲಿ ಬಸವಂತನಿರುವುದರಿಂದ ನಾವು ಕನ್ನಡಿಗರು ಸ್ವಲ್ಪ ಸಲಿಗೆ ವಹಿಸುತ್ತೇವೆ. ಆ ಹೆಸರಿನ ಬಲದಿಂದ ಉಪದೇಶ ಮಾಡುವ ಇಚ್ಛೆ ನನಗಿಲ್ಲ.)

ತರುಣರು ಲಡಾಖಿಗೆ ಹೋಗಬಾರದೆಂದು ನಾನು ಹೇಳುತ್ತಿಲ್ಲ. ನಾವು ನೋಡಲಾಗದ್ದನ್ನು ಅವರು ನೋಡಲಿ. ದುಡಿದ ಹಣದಲ್ಲಿ ಸುಖಪಡುವುದು ಪಾಪವೂ ಅಲ್ಲ. ನನ್ನ ತಕರಾರು ಒಂದೇ: ಸಂಘದ ಹೆಸರಿನಲ್ಲಿ ಹೋಗುವ ಪ್ರವಾಸವು ಬುಗ್ಗೆಯ ಬಾಯಿಗೆ ಬೇಲಿ ಹಾಕುವ ವ್ಯಾಪಾರಕ್ಕೆ ಗಿರಾಕಿಯಾಗಕೂಡದು. ನೆಲದೊಳಗಿಂದ ತಾನಾಗಿ ಕಾದು ಬರುವ ನೀರಿಗೆ ಯಾರೂ ಸೌದೆ ಹಾಕಿಲ್ಲ. ಪನಾಮಿಕ್‌ನಲ್ಲಿ ಸಾರ್ವಜನಿಕ ಸ್ನಾನಗೃಹವಿದೆ. ಹಳ್ಳಿಯ ಮನೆಗಳಲ್ಲಿ ಉಳಿದು, ಅವರ ಒಣ ಶೌಚಾಲಯವನ್ನೇ ಬಳಸಿ, ಅಲ್ಲಿ ಮಿಂದು ಬರಬಹುದು. ಆ ಬಾಡಿಗೆ ಆ ಮನೆಯವರ ಕೈಗೇ ಸೇರುತ್ತದೆ. ಹೋಗುವವರು ಲೇಹ್‌ನಲ್ಲಿ ಎರಡು ಮೂರು ದಿನ ಸುಮ್ಮನೆ ಕುಳಿತು ಉಸಿರನ್ನು ಆ ಎತ್ತರಕ್ಕೆ ಒಗ್ಗಿಸಿಕೊಳ್ಳಬೇಕೆಂಬುದನ್ನೂ ಮರೆಯದಿರಲಿ. ಪತ್ರಿಕೆಯಲ್ಲಿ ಅದಕ್ಕೆ ಜಾಗ ಸಿಕ್ಕಿರಲಿಲ್ಲ.

ಅದಕ್ಕೂ ಮೊದಲು ಒಂದು ಭಾನುವಾರ ಕಸಾರಾ ಘಾಟಿ ಇಳಿದು ಗಣೇಶಪುರಿಗೆ ಹೋಗಿಬರೋಣವೆಂದು ಮುಂದಿನ ಸಭೆಯಲ್ಲಿ ಸೂಚನೆ ಮಂಡಿಸಲಿದ್ದೇನೆ. ಆ ತರುಣ ಮಿತ್ರರ ಹೆಸರನ್ನು ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೆ ನಾನೇ ಬರೆದಿಟ್ಟಿದ್ದೇನೆ. ಬರುವವರು ಟವೆಲನ್ನು ತಾವೇ ತರತಕ್ಕದ್ದು; ಕುಂಡದ ಪಾಚಿ ಉಜ್ಜಲು ಪೊರಕೆಗಳನ್ನು ನಾನು ತರುತ್ತೇನೆ.